ಗಡುವು ಮುಗಿದ ಮೇಲಿನ ಊಟ

ಆರುನೂರು ಕಿಲೋಮೀಟರಿನ ಸೈಕಲ್ ಬ್ರೆವೆಗೆ, ಅಂದರೆ ಗೊತ್ತಾದ ಹೊತ್ತಿನೊಳಗೆ ಮುಗಿಸಬೇಕಾದ ದೂರದ ಸವಾರಿಗೆ, ಇರುವ ಗಡುವು 40 ಗಂಟೆ. ಶನಿವಾರ ಬೆಳಗಿನ ಆರಕ್ಕೆ ಹೊರಟವರು ಭಾನುವಾರ ರಾತ್ರಿ ಹತ್ತರೊಳಗೆ ಮುಗಿಸಬೇಕು. 200ಕ್ಕೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27. ಫ್ರಾನ್ಸಿನ ಆಡಾಕ್ಸ್ ಕ್ಲಬ್ ಪ್ಯಾರಿಸಿಯನ್ ನಡೆಸಿಕೊಂಡು ಬಂದಿರುವ ಈ ಲೆಕ್ಕವನ್ನೇ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯ ಸವಾರರೂ ಪಾಲಿಸುತ್ತಾರೆ. ದೀಪ ಹೇಗಿರಬೇಕು, ರಾತ್ರಿ ಮಿನುಗುವ ಜಾಕೆಟ್ಟನ್ನು ಯಾವಾಗ ತೊಡಬೇಕು, ಕಂಟ್ರೋಲಿನಲ್ಲಿ, ಅಂದರೆ ದಾರಿಯ ತಪಾಸಣೆಯ ಜಾಗದಲ್ಲಿ, ಕಾರ್ಡಿಗೆ ಸೀಲು ಬೀಳದಿದ್ದರೆ ಏನಾಗುತ್ತದೆ, ಎಲ್ಲಕ್ಕೂ ನಿಯಮವಿದೆ. ಕೊನೆಯ ಸೀಲು ಬಿದ್ದ ಮೇಲೆ ಮಾತ್ರ ಯಾವ ನಿಯಮವೂ ಇಲ್ಲ. ಏನು ತಿನ್ನಬೇಕು, ಯಾವಾಗ ಮಲಗಬೇಕು, ಸೋಮವಾರ ಆಫೀಸಿಗೆ ಹೋಗಬಹುದೇ ಎನ್ನುವುದನ್ನು ಸವಾರ ತಾನೇ ನೋಡಿಕೊಳ್ಳಬೇಕು.

ನಿಯಮ ಇಲ್ಲದ ಕಡೆ ರೂಢಿ ಬೆಳೆಯುತ್ತದೆ. ನಮ್ಮ ದೂರದ ಸವಾರರಲ್ಲಿ ಹತ್ತು ಹದಿನೈದು ವರ್ಷಗಳಲ್ಲಿ ಬೆಳೆದಿರುವ ರೂಢಿಗೆ ಮೂರು ಭಾಗಗಳಿವೆ. ಸೈಕಲ್ ಇಳಿದ ಅರ್ಧ ಗಂಟೆಯೊಳಗೆ ಶೇಕರಿನಲ್ಲಿ ಪ್ರೊಟೀನ್ ಪುಡಿ ಕಲಸಿ ಕುಡಿಯುವುದು ಮೊದಲನೆಯದು. ಅದಾದ ಮೇಲೆ ಗೆಳೆಯರೆಲ್ಲ ಸೇರಿ ಬಿರಿಯಾನಿ, ಇಲ್ಲವೇ ಬೆಣ್ಣೆ ಸುರಿಯುವ ಮಸಾಲೆ ದೋಸೆ, ಕೆಲವು ಕಡೆ ಬಿಯರು ಎಂದು ಒಂದು ದೊಡ್ಡ ಊಟ. ಮೂರನೆಯದು ಕಣ್ಣಿಗೆ ಬೀಳುವುದಿಲ್ಲ: ಮರುದಿನದಿಂದ ಏನೂ ಆಗಿಲ್ಲವೆಂಬಂತೆ ಎಂದಿನ ದಿನಚರಿಗೆ ಮರಳುವುದು, ಎಷ್ಟೋ ಜನ ಅದೇ ವಾರ ತೂಕ ಇಳಿಸಲು ಊಟ ಕಡಿಮೆ ಮಾಡುವುದು. ಈ ಮೂರರಲ್ಲಿ ಮೊದಲನೆಯದು ಬೇರೆ ಆಟದಿಂದ ಎರವಲು ತಂದದ್ದು, ಎರಡನೆಯದು ಹೊತ್ತು ತಪ್ಪಿದ ಸಂಭ್ರಮ, ಮೂರನೆಯದು ನಿಜವಾದ ಹಾನಿ ಎಂಬುದು ನನ್ನ ಅಭಿಪ್ರಾಯ. ಸವಾರರ ನಡುವಿನ ಚರ್ಚೆಯೆಲ್ಲ ಮೊದಲನೆಯದರ ಸುತ್ತಲೇ ನಡೆಯುತ್ತದೆ ಎಂಬುದೇ ನನ್ನ ತಕರಾರು.

ಅರ್ಧ ಗಂಟೆಯ ಗಡಿಬಿಡಿ ಎಲ್ಲಿಂದ ಬಂತು ಎಂದು ನೋಡಿದರೆ ಬೇರು ಗಟ್ಟಿಯಾದ ವಿಜ್ಞಾನದಲ್ಲೇ ಇದೆ. 1960ರ ದಶಕದಲ್ಲಿ ಸ್ವೀಡನ್ನಿನ ಯೋನಾಸ್ ಬರ್ಗ್‌ಸ್ಟ್ರಾಮ್ ಮತ್ತು ಎರಿಕ್ ಹುಲ್ಟ್‌ಮನ್ ಎಂಬ ಇಬ್ಬರು ವೈದ್ಯರು ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡರು. ನಿಂತಲ್ಲೇ ತುಳಿಯುವ ಒಂದೇ ಸೈಕಲ್ಲಿನ ಆ ಬದಿಗೊಬ್ಬರು ಈ ಬದಿಗೊಬ್ಬರು ಕುಳಿತು, ಒಬ್ಬೊಬ್ಬರು ಒಂದೊಂದೇ ಕಾಲಿನಿಂದ ಸುಸ್ತಾಗಿ ಬೀಳುವವರೆಗೂ ತುಳಿದರು. ಇನ್ನೊಂದು ಕಾಲು ಸುಮ್ಮನಿತ್ತು. ಆಮೇಲೆ ಪಿಷ್ಟ ಹೆಚ್ಚಿರುವ ಆಹಾರವನ್ನೇ ತಿನ್ನುತ್ತಾ, ಎರಡೂ ತೊಡೆಗಳಿಗೆ ಸೂಜಿ ಚುಚ್ಚಿ ಸ್ನಾಯುವಿನ ಚೂರು ತೆಗೆದು ಅಳೆದರು. ತುಳಿದ ಕಾಲಿನಲ್ಲಿ ಬರಿದಾಗಿದ್ದ ಗ್ಲೈಕೋಜನ್, ಅಂದರೆ ಸ್ನಾಯು ತನ್ನೊಳಗೆ ಕೂಡಿಟ್ಟುಕೊಳ್ಳುವ ಸಕ್ಕರೆಯ ದಾಸ್ತಾನು, ಕೆಲವೇ ದಿನಗಳಲ್ಲಿ ಸುಮ್ಮನಿದ್ದ ಕಾಲಿನದಕ್ಕಿಂತ ಸುಮಾರು ಎರಡು ಪಟ್ಟಾಗಿತ್ತು. ಊಟ ಒಂದೇ, ರಕ್ತ ಒಂದೇ, ದೇಹ ಒಂದೇ. ದುಡಿದ ಸ್ನಾಯುವೇ ತನ್ನ ಪಾಲನ್ನು ಎಳೆದುಕೊಳ್ಳುತ್ತದೆ ಎಂಬುದು ಅದರಿಂದ ಖಚಿತವಾಯಿತು. 1966ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಆ ಎರಡು ಪುಟಗಳ ಬರಹ ಇವತ್ತಿಗೂ ಓದುವಂತಿದೆ.

1988ರಲ್ಲಿ ಅಮೆರಿಕದ ಜಾನ್ ಐವಿ ಮತ್ತು ಸಂಗಡಿಗರು ಹೊತ್ತಿನ ಪ್ರಶ್ನೆ ಎತ್ತಿದರು. ಸೈಕಲ್ ತುಳಿದ ಕೂಡಲೇ ಪಿಷ್ಟ ಕೊಟ್ಟಾಗಿನದನ್ನೂ ಎರಡು ಗಂಟೆ ತಡವಾಗಿ ಕೊಟ್ಟಾಗಿನದನ್ನೂ ಹೋಲಿಸಿದರೆ, ತಡವಾದಾಗ ಗ್ಲೈಕೋಜನ್ ತುಂಬುವ ವೇಗ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು. ಪುಡಿ ಮಾರುವವರ ಡಬ್ಬಿಗಳ ಮೇಲೆ ಇರುವುದು ಈ ಫಲಿತಾಂಶದ ನೆರಳು. ಆದರೆ 1997ರಲ್ಲಿ ಪಾರ್ಕಿನ್ ಮತ್ತು ಸಂಗಡಿಗರು ಅದೇ ಎರಡು ಗಂಟೆಯ ವಿಳಂಬವನ್ನು ಇಟ್ಟುಕೊಂಡು ಮುಂದಕ್ಕೂ ಅಳೆದರು. ಎಂಟು ಗಂಟೆಯ ಹೊತ್ತಿಗೆ, ಇಪ್ಪತ್ತನಾಲ್ಕು ಗಂಟೆಯ ಹೊತ್ತಿಗೆ, ಎರಡೂ ಸಂದರ್ಭಗಳ ನಡುವೆ ಸ್ನಾಯುಗಳ ಗ್ಲೈಕೋಜನ್ನಿನಲ್ಲಿ ವ್ಯತ್ಯಾಸ ಉಳಿದಿರಲಿಲ್ಲ. ಈ ಎರಡನೆಯ ಫಲಿತಾಂಶ ಯಾವ ಡಬ್ಬಿಯ ಮೇಲೂ ಅಚ್ಚಾಗಲಿಲ್ಲ.

ಎರಡೂ ನಿಜವೇ. ಬೆಳಿಗ್ಗೆ ಒಂದು ರೇಸು, ಸಂಜೆ ಇನ್ನೊಂದು ಎನ್ನುವವನಿಗೆ ಮೊದಲ ಎರಡು ಗಂಟೆ ಚಿನ್ನ. ವಿಜಯಪುರ, ಬಾಗಲಕೋಟೆ ಕಡೆಯಿಂದ ಬರುವ ರೇಸಿನ ಹುಡುಗ ಹುಡುಗಿಯರು, ಸತತ ದಿನಗಳ ಸ್ಪರ್ಧೆಯಲ್ಲಿ ಓಡುವವರು, ಗಂಟೆಗೆ ಮೈತೂಕದ ಕಿಲೋವೊಂದಕ್ಕೆ ಒಂದರಿಂದ 1.2 ಗ್ರಾಂ ಪಿಷ್ಟ ಎಂಬ ಲೆಕ್ಕವನ್ನು ಮೊದಲ ನಾಲ್ಕು ಗಂಟೆ ಕಟ್ಟುನಿಟ್ಟಾಗಿ ಪಾಲಿಸಲೇಬೇಕು. ಎಪ್ಪತ್ತು ಕಿಲೋ ತೂಕದವರಿಗೆ ಅದು ಗಂಟೆಗೆ ಹೆಚ್ಚೆಂದರೆ 84 ಗ್ರಾಂ, ಅಂದರೆ ಪ್ರತಿ ಗಂಟೆಗೂ ಮುನ್ನೂರು ಗ್ರಾಂ ಅನ್ನ. ಭಾನುವಾರ ರಾತ್ರಿ ಹತ್ತಕ್ಕೆ 600 ಮುಗಿಸಿದವರ ಮುಂದಿನ ಸವಾರಿ ಎರಡು ವಾರ, ಮೂರು ವಾರ ಆಚೆಗಿದೆ. ಅವರಿಗೆ ಯಾವ ಅವಸರ? ಮುಚ್ಚಿಹೋಗುವ ಕಿಟಕಿಯೊಂದು ಅವರ ಪಾಲಿಗೆ ಇಲ್ಲವೇ ಇಲ್ಲ. ಇರುವುದು ಮೂರು ದಿನ ತೆರೆದೇ ಇರುವ ಬಾಗಿಲು.

ಹಾಗಿದ್ದರೆ 40 ಗಂಟೆಯ ನಂತರ ದೇಹದಲ್ಲಿ ಏನು ಕಡಿಮೆಯಾಗಿರುತ್ತದೆ? ಸ್ನಾಯುಗಳಲ್ಲಿ ನಾನೂರು ಐನೂರು ಗ್ರಾಂ, ಲಿವರಿನಲ್ಲಿ ನೂರು ಗ್ರಾಂ ಗ್ಲೈಕೋಜನ್ ಎಂದು ಹಿಡಿದರೂ ಅದರ ಶಕ್ತಿ ಎರಡು ಸಾವಿರ ಚಿಲ್ಲರೆ ಕ್ಯಾಲೊರಿ ಮಾತ್ರ. 600 ಕಿಲೋಮೀಟರಿಗೆ ಖರ್ಚಾಗುವುದು ಹತ್ತು ಸಾವಿರಕ್ಕೂ ಹೆಚ್ಚು. ದಾರಿಯುದ್ದಕ್ಕೂ ತಿಂದದ್ದನ್ನು ಕಳೆದರೂ ಸಾವಿರಗಟ್ಟಲೆ ಕ್ಯಾಲೊರಿಯ ಕೊರತೆ ಉಳಿಯುತ್ತದೆ, ಅದರ ದೊಡ್ಡ ಪಾಲು ಕೊಬ್ಬಿನಿಂದ ಬಂದಿರುತ್ತದೆ. ಇದರ ಜೊತೆಗೆ ಬೆವರಿನಲ್ಲಿ ಹೋದ ಉಪ್ಪು, ಒಂದು ಇಡೀ ರಾತ್ರಿಯ ನಿದ್ದೆ, ತೊಡೆ ಮತ್ತು ಬೆನ್ನಿನ ಸ್ನಾಯುಗಳಲ್ಲಿ ಆದ ಸವೆತ, ಸೀಟಿಗೆ ಉಜ್ಜಿ ಕಿತ್ತ ಚರ್ಮ, ಹ್ಯಾಂಡಲ್ ಒತ್ತಿ ಜೋಮು ಹಿಡಿದ ಕಿರುಬೆರಳು. ಇಷ್ಟನ್ನೂ ಒಂದು ಲೋಟ ಪುಡಿನೀರಿಗೆ ವಹಿಸಿ ನಿಶ್ಚಿಂತರಾಗುವುದು ಹೇಗೆ?

ಯಾರೂ ಮಾತಾಡದ ಅಂಗ ಹೊಟ್ಟೆ. ದೇಹ ಬಿಸಿಯಾಗಿ ದುಡಿಯುವಾಗ ರಕ್ತವೆಲ್ಲ ಸ್ನಾಯು ಮತ್ತು ಚರ್ಮದ ಕಡೆಗೆ ಹರಿದು ಕರುಳಿಗೆ ಸಿಗುವ ಪಾಲು ತೀರ ಇಳಿಯುತ್ತದೆ. ನಲವತ್ತು ಗಂಟೆ ಜೆಲ್ಲು, ಬಿಸ್ಕೆಟ್ಟು, ಢಾಬಾದ ಪರೋಟ, ಸಿಹಿ ಟೀಗಳನ್ನು ಒಂದರ ಮೇಲೊಂದು ಹೊತ್ತ ಆ ಕರುಳು ಕೊನೆಯಲ್ಲಿ ಮುನಿಸಿಕೊಂಡಿರುತ್ತದೆ. ಕೊನೆಯ ಕಂಟ್ರೋಲಿನ ಮೇಜಿನ ಸುತ್ತ ನಿಂತು ನೋಡಿದರೆ ಇದು ಮುಖಗಳಲ್ಲೇ ಕಾಣುತ್ತದೆ. ಒಬ್ಬರು ತಟ್ಟೆಯ ಮುಂದೆ ಕುಳಿತು ಒಂದು ತುತ್ತು ತೆಗೆದು, ಅಗಿಯುವುದನ್ನೇ ಮರೆತು ಗೋಡೆ ನೋಡುತ್ತಿರುತ್ತಾರೆ. ಇನ್ನೊಬ್ಬರು ಶೇಕರ್ ಕುಲುಕಿ ಎರಡು ಗುಟುಕು ಕುಡಿದು, ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ಓಡುತ್ತಾರೆ. ತುಟಿ ಒಡೆದಿರುತ್ತದೆ, ನಾಲಿಗೆ ಹುಣ್ಣಾಗಿರುತ್ತದೆ, ಸಿಹಿ ಎಂದರೆ ಓಕರಿಕೆ. ಹೀಗಿರುವವರ ಮುಂದೆ ಖಾರದ ಬಿರಿಯಾನಿ ಇಡುವುದು ಪ್ರೀತಿಯೇ ಹೌದು, ಆದರೆ ಆ ಪ್ರೀತಿಗೆ ಒಂದು ರಾತ್ರಿ ತಡೆದುಕೊಳ್ಳುವ ತಾಳ್ಮೆ ಬೇಕು.

ಆ ಹೊತ್ತಿಗೆ ಬೇಕಾದದ್ದು ಉಪ್ಪು ಹಾಕಿದ ನೀರುಮಜ್ಜಿಗೆ, ಆಮೇಲೆ ಮೆತ್ತಗೆ ಬೆಂದ ಅನ್ನ. ನಾನು ಇದನ್ನು ಊರಿನ ಅಭಿಮಾನದಿಂದ ಹೇಳುತ್ತಿಲ್ಲ. ಅಕ್ಕಿಯನ್ನು ಒಂದು ಲೋಟ ನೀರು ಹೆಚ್ಚಿಗೆ ಇಟ್ಟು ಬೇಯಿಸಿ, ಬಿಸಿ ಇರುವಾಗಲೇ ಸೌಟಿನ ಹಿಂಬದಿಯಲ್ಲಿ ಕಿವುಚಿ, ಸ್ವಲ್ಪ ಹಾಲು, ಆರಿದ ಮೇಲೆ ಹುಳಿಯಾಗದ ಮೊಸರು, ಧಾರಾಳ ಉಪ್ಪು, ತುರಿದ ಶುಂಠಿ ಹಾಕಿ ಕಲಸಿದರೆ, ಹುಣ್ಣಾದ ಬಾಯಿಗೆ ಅಗಿಯುವ ಕೆಲಸವಿಲ್ಲ. ಒಗ್ಗರಣೆಯ ಮೆಣಸಿನಕಾಯಿ ಅಂದು ಬೇಡ. ದೊಡ್ಡ ಬಟ್ಟಲಿನಲ್ಲಿ ಎಂಬತ್ತು ಗ್ರಾಂ ಪಿಷ್ಟ, ನೀರು, ಸೋಡಿಯಂ ಮೂರೂ ಒಟ್ಟಿಗೆ ಇಳಿಯುತ್ತವೆ. ಮನೆಗೆ ಬಂದ ಮಗ ಸೈಕಲ್ ಒರಗಿಸಿ ಸೋಫಾದ ಮೇಲೆ ಕುಸಿದಾಗ ಅಮ್ಮ, "ಮೊದ್ಲು ಹೋಗಿ ಮೈ ತೊಳ್ಕೊಂಡು ಬಾರೋ, ಅಷ್ಟರಲ್ಲಿ ಅನ್ನ ಕಲಸಿ ಇಡ್ತೀನಿ" ಎನ್ನುತ್ತಾಳಲ್ಲ, ಆ ಮಾತಿನಲ್ಲಿರುವ ಕ್ರಮ ಸರಿಯಾದ ಕ್ರಮ. ಸ್ನಾನದಿಂದ ಸೀಟಿನ ಹುಣ್ಣೂ ಶುದ್ಧವಾಗುತ್ತದೆ, ಹೊಟ್ಟೆಗೂ ಹತ್ತು ನಿಮಿಷ ಸಿಗುತ್ತದೆ.

ರಾಮನವಮಿಯ ಪಾನಕ, ಮಜ್ಜಿಗೆ, ಕೋಸಂಬರಿಗಳನ್ನು ಈ ಕಣ್ಣಿನಿಂದ ನೋಡಿದರೆ ಬೆರಗಾಗುತ್ತದೆ. ಬೆಲ್ಲದ ನೀರಿನಲ್ಲಿ ಸಕ್ಕರೆ, ಮಜ್ಜಿಗೆಯಲ್ಲಿ ಉಪ್ಪು, ನೆನೆದ ಹೆಸರುಬೇಳೆಯಲ್ಲಿ ಪ್ರೊಟೀನು. ನಮ್ಮ ಬೇಸಿಗೆಯ ಬೆವರನ್ನು ಬಲ್ಲ ಅಡುಗೆ ಅದು. ಏಪ್ರಿಲಿನ ಬಿಸಿಲಿನಲ್ಲಿ 400 ಮುಗಿಸಿದವರಿಗೆ ಇದಕ್ಕಿಂತ ಒಳ್ಳೆಯ ಸ್ವಾಗತ ನನಗಂತೂ ಹೊಳೆಯುವುದಿಲ್ಲ.

ನೀರಿನ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಇದು ಜೀವದ ಪ್ರಶ್ನೆ. ಬಾಯಾರಿಕೆ ಇರಲಿ ಬಿಡಲಿ, ಸಾಧ್ಯವಾದಷ್ಟು ನೀರು ಕುಡಿಯಿರಿ ಎಂಬ ಸಲಹೆ ತಪ್ಪು. ಬರಿಯ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಬಾಸ್ಟನ್ ಮ್ಯಾರಥಾನಿನ 488 ಓಟಗಾರರ ರಕ್ತ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡಾ 13 ಮಂದಿಗೆ ಸೋಡಿಯಂ ಕುಸಿದಿತ್ತು, ಓಟದಲ್ಲಿ ತೂಕ ಹೆಚ್ಚಿಸಿಕೊಂಡವರಲ್ಲೇ ಅಪಾಯ ಹೆಚ್ಚು. ಅದು ನಾಲ್ಕೈದು ಗಂಟೆಯ ಓಟ. ನಲವತ್ತು ಗಂಟೆಯ ಸವಾರಿಯಲ್ಲಿ ಕುಡಿಯುವ ಅವಕಾಶ ಹತ್ತು ಪಟ್ಟು. ಮುಗಿಸಿದ ಮೇಲೆ ತಲೆನೋವು, ವಾಂತಿ, ಬೆರಳು ಊದಿ ಉಂಗುರ ಬಿಗಿಯಾಗುವುದು, ಮಾತು ತೊದಲುವುದು ಕಂಡರೆ ಇನ್ನಷ್ಟು ನೀರು ಕುಡಿಸಬಾರದು, ಆಸ್ಪತ್ರೆಗೆ ಕರೆದೊಯ್ಯಬೇಕು. ಮಾಮೂಲಿ ಸ್ಥಿತಿಯಲ್ಲಿ, ಹೊರಡುವ ಮುಂಚಿನ ತೂಕಕ್ಕಿಂತ ಕಡಿಮೆಯಾದ ಕಿಲೋವೊಂದಕ್ಕೆ ಒಂದೂಕಾಲರಿಂದ ಒಂದೂವರೆ ಲೀಟರು ದ್ರವವನ್ನು, ಉಪ್ಪಿನ ಜೊತೆ, ಹಲವು ಗಂಟೆಗಳಲ್ಲಿ ನಿಧಾನವಾಗಿ ಕುಡಿದರೆ ಸಾಕು. ಔಷಧಿ ಅಂಗಡಿಯ ಓಆರ್‌ಎಸ್ ಪೊಟ್ಟಣ ಇದಕ್ಕೆ ಅಗ್ಗದ, ನಂಬಲರ್ಹ ದಾರಿ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಹಾಗಾಗಿ ಎಳನೀರಿನ ಜೊತೆ ಒಂದು ಚಿಟಿಕೆ ಉಪ್ಪು, ಇಲ್ಲವೇ ಒಂದು ತುಂಡು ಉಪ್ಪಿನಕಾಯಿ ಇರಲಿ.

ಇನ್ನು ನಿದ್ದೆ. ನಿದ್ದೆಯನ್ನು ಊಟದಿಂದ ಬೇರೆ ವಿಷಯವೆಂದು ಎಣಿಸುವುದೇ ಈ ರೂಢಿಯ ಬಹುದೊಡ್ಡ ಕುರುಡುತನ. ಆಸ್ಟ್ರೇಲಿಯಾದ ಸಂಶೋಧಕರು 2021ರಲ್ಲಿ ಹದಿಮೂರು ಮಂದಿ ಆರೋಗ್ಯವಂತ ಯುವಕ ಯುವತಿಯರನ್ನು ಒಂದು ರಾತ್ರಿ ಪೂರ್ತಿ ಎಚ್ಚರವಾಗಿರಿಸಿ ಮರುದಿನ ಅಳೆದಾಗ, ಸ್ನಾಯು ತನಗೆ ಬೇಕಾದ ಪ್ರೊಟೀನನ್ನು ಕಟ್ಟಿಕೊಳ್ಳುವ ವೇಗ ಶೇಕಡಾ 18ರಷ್ಟು ಕುಸಿದಿತ್ತು. ಅವರು ಸೈಕಲ್ ತುಳಿದಿರಲಿಲ್ಲ, ಬರಿದೇ ಎಚ್ಚರವಿದ್ದರು. ಶಿಕಾಗೊದಲ್ಲಿ 2004ರಲ್ಲಿ ಹನ್ನೆರಡು ಯುವಕರಿಗೆ ಎರಡು ರಾತ್ರಿ ನಾಲ್ಕೇ ಗಂಟೆ ನಿದ್ದೆ ಕೊಟ್ಟಾಗ ಹಸಿವು ಹುಟ್ಟಿಸುವ ಗ್ರೆಲಿನ್ ಏರಿತು, ಹೊಟ್ಟೆ ತುಂಬಿತೆಂದು ಹೇಳುವ ಲೆಪ್ಟಿನ್ ಇಳಿಯಿತು, ಹಸಿವಿನ ಅನುಭವ ಶೇಕಡಾ 24 ಹೆಚ್ಚಾಯಿತು. ಅಂದರೆ ನಿದ್ದೆಗೆಟ್ಟು ಇಪ್ಪತ್ತೈದು ಗ್ರಾಂ ಪುಡಿ ಕುಡಿದವರು ಅದರ ಒಂದು ಪಾಲನ್ನು ಕೈಯಾರೆ ಕಳೆದುಕೊಳ್ಳುತ್ತಾರೆ, ಜೊತೆಗೆ ವಾರವಿಡೀ ಕಂಡದ್ದನ್ನೆಲ್ಲ ತಿನ್ನುವ ಹಸಿವನ್ನು ಬರಮಾಡಿಕೊಳ್ಳುತ್ತಾರೆ. ಮುಗಿಸಿದ ಕೂಡಲೇ ಸ್ಟ್ರಾಂಗ್ ಫಿಲ್ಟರ್ ಕಾಫಿ ಕುಡಿಯುವ ಅಭ್ಯಾಸವನ್ನು, ಅದರ ಪರಿಮಳದ ಮೇಲೆ ನನಗಿರುವ ಎಲ್ಲ ಪ್ರೀತಿಯ ನಡುವೆಯೂ, ನಾನು ಒಪ್ಪುವುದಿಲ್ಲ. ಕಾಫಿ ಎದ್ದ ಮೇಲೆ.

ಮಲಗುವ ಮುಂಚೆ ಮನೆ ಸೇರಬೇಕಲ್ಲ? ಎರಡು ದಿನ ನಿದ್ದೆಯಿಲ್ಲದ ಮನುಷ್ಯ ಕಾರಿನ ಹಿಂದೆ ಸೈಕಲ್ ಕಟ್ಟಿ ಹೆದ್ದಾರಿಯಲ್ಲಿ ತಾನೇ ಓಡಿಸಿಕೊಂಡು ಹೊರಡುವುದು ಈ ಕ್ರೀಡೆಯ ಅತಿ ಅಪಾಯದ ಗಳಿಗೆ. ಇದಕ್ಕೆ ಊಟದ ಮದ್ದಿಲ್ಲ. ಬೇರೆಯವರು ಓಡಿಸಬೇಕು, ಇಲ್ಲವೇ ಅಲ್ಲೇ ಚಾಪೆ ಹಾಸಿ ಮಲಗಬೇಕು.

ಬಿಯರಿನ ಬಗ್ಗೆ ನೀತಿಪಾಠ ಹೇಳುವ ಆಸೆ ನನಗಿಲ್ಲ, ಆದರೆ ಅಂಕಿ ಇದೆ. 2014ರ ಒಂದು ಪ್ರಯೋಗದಲ್ಲಿ ವ್ಯಾಯಾಮದ ನಂತರ ಪ್ರೊಟೀನ್ ಜೊತೆಗೆ ಸಾಕಷ್ಟು ಮದ್ಯ ಸೇವಿಸಿದಾಗ, ಬರೀ ಪ್ರೊಟೀನ್ ತೆಗೆದುಕೊಂಡಾಗಿನದಕ್ಕಿಂತ ಸ್ನಾಯು ಕಟ್ಟುವ ಕೆಲಸ ಶೇಕಡಾ 24 ಕಡಿಮೆಯಾಯಿತು. ಪ್ರೊಟೀನ್ ಬಿಟ್ಟು ಪಿಷ್ಟದ ಜೊತೆ ಕುಡಿದಾಗ 37. ಪ್ರಮಾಣ ದೊಡ್ಡದಿತ್ತು ನಿಜ. ಆದರೂ ಸಂಭ್ರಮವನ್ನು ಮುಂದಿನ ಶನಿವಾರಕ್ಕೆ ಇಟ್ಟುಕೊಂಡರೆ ಯಾರೂ ಏನನ್ನೂ ಕಳೆದುಕೊಳ್ಳುವುದಿಲ್ಲ.

ಇಷ್ಟು ಹೇಳಿದ ಮೇಲೆ ಎದುರು ಪಕ್ಷಕ್ಕೂ ನ್ಯಾಯ ಸಲ್ಲಬೇಕು. ನಮ್ಮ ಊಟದಲ್ಲಿ ಎಲ್ಲವೂ ಇದೆ, ಪುಡಿಗಿಡಿ ಯಾಕೆ ಎಂದು ಎದೆ ತಟ್ಟಿ ಹೇಳುವವರ ಜೊತೆ ನಾನಿಲ್ಲ. ಮೊಸರನ್ನದ ಬಲ ಪಿಷ್ಟ ಮತ್ತು ಉಪ್ಪು. ಅದರ ದೌರ್ಬಲ್ಯ ಪ್ರೊಟೀನ್. ಇನ್ನೂರು ಗ್ರಾಂ ಮೊಸರಿನಲ್ಲಿ ಸಿಗುವುದು ಆರೇಳು ಗ್ರಾಂ ಮಾತ್ರ, ಅನ್ನದಿಂದ ಇನ್ನೊಂದಷ್ಟು. ತಿಳಿಸಾರಿನಲ್ಲಿ ಬೇಳೆಯ ನೆನಪಷ್ಟೇ ಇರುತ್ತದೆ. ಇಡ್ಲಿಯಲ್ಲಿ ಉದ್ದಿಗಿಂತ ಅಕ್ಕಿ ಬಹಳ ಹೆಚ್ಚು. ಸವೆದ ಸ್ನಾಯುವಿಗೆ ಒಂದೊಂದು ಊಟದಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ಗ್ರಾಂ, ದಿನಕ್ಕೆ ನಾಲ್ಕು ಸಲ, ಎರಡು ಮೂರು ದಿನ ಬೇಕು. ದಕ್ಷಿಣ ಕರ್ನಾಟಕದ ಸಸ್ಯಾಹಾರಿ ಮನೆಯ ಎಂದಿನ ಅನ್ನ, ಸಾರು, ಪಲ್ಯ, ಮಜ್ಜಿಗೆಯ ಊಟ ಈ ಗುರಿಯನ್ನು ಮುಟ್ಟುವುದಿಲ್ಲ. ಹೊಟ್ಟೆ ತುಂಬುತ್ತದೆ, ತೊಡೆ ತುಂಬುವುದಿಲ್ಲ. ಎರಡು ವಾರವಾದರೂ ಕಾಲಿನಲ್ಲಿ ಜೀವವಿಲ್ಲ ಎಂದು ಗೊಣಗುವ ಸವಾರರ ತಟ್ಟೆಯನ್ನು ನೋಡಿದರೆ ಬಹಳಷ್ಟು ಸಲ ಕಾರಣ ಅಲ್ಲೇ ಬಿಳಿಯಾಗಿ ಕೂತಿರುತ್ತದೆ.

ಈ ವಿಷಯದಲ್ಲಿ ಉತ್ತರ ಕರ್ನಾಟಕದ ತಟ್ಟೆ ಮುಂದಿದೆ. ಜೋಳದ ರೊಟ್ಟಿ, ಮಡಕಿ ಕಾಳಿನ ಪಲ್ಯ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು ಸೇರಿದರೆ ಗುರಿ ಹತ್ತಿರವಾಗುತ್ತದೆ. ಐವತ್ತು ಗ್ರಾಂ ಶೇಂಗಾದಲ್ಲಿ ಹನ್ನೆರಡು ಗ್ರಾಂ ಪ್ರೊಟೀನಿದೆ. ಹಳೇ ಮೈಸೂರಿನವರ ಬಸ್ಸಾರು, ಕಾಳಿನ ಹುಳಿ, ಹುರುಳಿ, ಅವರೆಕಾಳು ಇದೇ ಜಾತಿಯವು. ಕರಾವಳಿಯವರಿಗೆ ಮೀನಿದೆ, ಮಾಂಸ ತಿನ್ನುವವರಿಗೆ ನೂರು ಗ್ರಾಂ ಬೇಯಿಸಿದ ಕೋಳಿಯಲ್ಲೇ ಒಂದು ಊಟದ ಲೆಕ್ಕ ಮುಗಿಯುತ್ತದೆ. ಮೊಟ್ಟೆ ಒಂದಕ್ಕೆ ಆರು ಗ್ರಾಂ. ಒಣ ಬೇಳೆ ಐವತ್ತು ಗ್ರಾಂಗೆ ಹನ್ನೊಂದು. ಸೋಯಾ ಚಂಕ್ಸ್ ಐವತ್ತು ಗ್ರಾಂಗೆ ಇಪ್ಪತ್ತೈದರ ಆಸುಪಾಸು, ಅದೂ ತೀರ ಅಗ್ಗದ ಬೆಲೆಗೆ. ರಾಗಿಯನ್ನು ಮಾತ್ರ ಸ್ವಲ್ಪ ತಡೆದು ತರಬೇಕು. ಕ್ಯಾಲ್ಸಿಯಂ ಹೇರಳ, ಪಿಷ್ಟ ಚೆನ್ನಾಗಿದೆ, ಆದರೆ ನಾರು ಹೆಚ್ಚಿರುವ ಮುದ್ದೆ ಮುನಿದ ಕರುಳಿಗೆ ಮೊದಲ ರಾತ್ರಿ ಭಾರ. ಮರುದಿನ ಬೆಳಿಗ್ಗೆ ಮಜ್ಜಿಗೆ ಬೆರೆಸಿದ ಅಂಬಲಿ, ಮಧ್ಯಾಹ್ನ ಮುದ್ದೆ ಕಾಳುಸಾರು ಎಂದರೆ ಸರಿಯಾದ ಹೊತ್ತು.

ಹಾಗಾದರೆ ಪುಡಿ? ಕಿಲೋಗೆ ಎರಡು ಮೂರು ಸಾವಿರ ರೂಪಾಯಿ ಕೊಟ್ಟು ತರುವ ವೇ ಪ್ರೊಟೀನ್ ಮೋಸವಲ್ಲ. ಅದು ಹಾಲಿನಿಂದಲೇ ತೆಗೆದದ್ದು, ಬೇಗ ಜೀರ್ಣವಾಗುವಂಥದ್ದು. ಸೋಮವಾರ ಬೆಳಿಗ್ಗೆ ಅಡುಗೆಗೆ ಹೊತ್ತಿಲ್ಲದೆ, ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇರುವವರಿಗೆ, ಬೇಳೆಕಾಳು ತಿಂದರೆ ಹೊಟ್ಟೆ ಉಬ್ಬುವವರಿಗೆ ಅದು ನಿಜವಾದ ಸಹಾಯ. ನನ್ನ ಆಕ್ಷೇಪ ಅದರ ಹೊತ್ತಿನ ಬಗ್ಗೆ. ಅದಕ್ಕೆ ಸರಿಯಾದ ಜಾಗ ಎರಡನೆಯ ದಿನದ, ಮೂರನೆಯ ದಿನದ ತಿಂಡಿಯ ಮಗ್ಗುಲು. ಅಲ್ಲಿ ಅದನ್ನು ಯಾರೂ ಕುಡಿಯುವುದಿಲ್ಲ.

ಮೊಂಟಾನಾ ವಿಶ್ವವಿದ್ಯಾಲಯದ ತಂಡ 2015ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ಮಸಾಲೆ ದೋಸೆಯ ಪಕ್ಷದವರು ಉತ್ಸಾಹದಿಂದ ಮುಂದಿಡುತ್ತಾರೆ. ಹನ್ನೊಂದು ಜನ ಸೈಕಲ್ ಸವಾರರಿಗೆ ತೊಂಬತ್ತು ನಿಮಿಷ ತುಳಿಸಿ, ಒಂದು ಸಲ ಕ್ರೀಡಾಪಟುಗಳ ದುಬಾರಿ ಪೇಯ, ಬಾರು, ಪುಡಿಗಳನ್ನು, ಇನ್ನೊಂದು ಸಲ ಬರ್ಗರು, ಆಲೂಗಡ್ಡೆ ಫ್ರೈಸುಗಳನ್ನು ಕೊಟ್ಟರು. ಗ್ಲೈಕೋಜನ್ ತುಂಬಿದ್ದರಲ್ಲೂ, ಆಮೇಲಿನ ಇಪ್ಪತ್ತು ಕಿಲೋಮೀಟರಿನ ವೇಗದಲ್ಲೂ ವ್ಯತ್ಯಾಸ ಸಿಗಲಿಲ್ಲ. ಒಳ್ಳೆಯ ಪ್ರಯೋಗ. ದುಬಾರಿ ಡಬ್ಬಿಯಲ್ಲಿ ಮಾಟವೇನಿಲ್ಲ ಎಂಬುದನ್ನು ಚೆನ್ನಾಗಿ ತೋರಿಸುತ್ತದೆ. ಆದರೆ ತೊಂಬತ್ತು ನಿಮಿಷ ದುಡಿದ ಹೊಟ್ಟೆಗೂ ನಲವತ್ತು ಗಂಟೆ ಅಲುಗಾಡಿದ ಹೊಟ್ಟೆಗೂ ಅಜಗಜಾಂತರ. ಆ ಫಲಿತಾಂಶವನ್ನು ಮೊದಲ ರಾತ್ರಿಯ ಎಣ್ಣೆಗೆ ಪರವಾನಗಿ ಎಂದು ಓದಬಾರದು. ಎರಡನೆಯ ದಿನ ಮಧ್ಯಾಹ್ನ ಎರಡು ಬೆಣ್ಣೆದೋಸೆ ತಿನ್ನಿ, ನಾನೂ ಜೊತೆಗೆ ಬರುತ್ತೇನೆ.

ಈ ಆಟದ ತವರಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ಗಮನಿಸಿದರೆ ನಮ್ಮ ರೂಢಿಯ ಕೊರತೆ ಇನ್ನಷ್ಟು ಸ್ಪಷ್ಟವಾಗುತ್ತದೆ. 1891ರಲ್ಲಿ ಒಂದು ಪತ್ರಿಕೆಯ ಸ್ಪರ್ಧೆಯಾಗಿ ಹುಟ್ಟಿದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ 1200 ಕಿಲೋಮೀಟರಿನ ಸವಾರಿ, ಗಡುವು 90 ಗಂಟೆ. ಕರ್ನಾಟಕದಿಂದಲೂ ಸವಾರರು ಹೋಗಿಬರುತ್ತಾರೆ. ಅಲ್ಲಿನ ಕಂಟ್ರೋಲುಗಳಲ್ಲಿ ಸಿಗುವುದು ಸೂಪು, ಪಾಸ್ತಾ, ಹಿಸುಕಿದ ಆಲೂಗಡ್ಡೆ, ಬ್ರೆಡ್ಡಿನಂಥ ಸಾದಾ ಊಟ. ವಿಲೇನ್-ಲಾ-ಜುಯೆಲ್ ಎಂಬ ಪುಟ್ಟ ಊರಿನಲ್ಲಿ ಇಡೀ ಊರೇ ಬೀದಿಗೆ ಬಂದು ಸವಾರರನ್ನು ಬರಮಾಡಿಕೊಳ್ಳುತ್ತದೆ. ರಾತ್ರಿ ಎರಡಕ್ಕೂ ಮನೆ ಮುಂದೆ ಮೇಜು ಹಾಕಿ ಕಾಫಿ, ಸೂಪು ಹಿಡಿದು ನಿಲ್ಲುವವರಿದ್ದಾರೆ. ಕಂಟ್ರೋಲಿನಲ್ಲಿ ಮಲಗಲು ಹಾಸಿಗೆ, ಕೇಳಿದ ಹೊತ್ತಿಗೆ ಎಬ್ಬಿಸಲು ಸ್ವಯಂಸೇವಕರು. ಊಟ ಮತ್ತು ನಿದ್ದೆಯನ್ನು ಸವಾರಿಯ ಒಳಗೇ ಸೇರಿಸಿಕೊಂಡ ಸಂಸ್ಕೃತಿ ಅದು. ಸಂಭ್ರಮದ ಸಿಹಿಯೂ ಅಲ್ಲಿದೆ: 1910ರಲ್ಲಿ ಲೂಯಿ ದುರಾನ್ ಎಂಬ ಮಿಠಾಯಿಗಾರ ಸೈಕಲ್ ಚಕ್ರದ ಆಕಾರದಲ್ಲಿ ಮಾಡಿದ, ಒಳಗೆ ಪ್ರಾಲೀನ್ ಕೆನೆ ತುಂಬಿದ ಪ್ಯಾರಿಸ್–ಬ್ರೆಸ್ಟ್ ಕೇಕು. ಅದರ ಹಿಂದೆ ಸಾದಾ ಸೂಪಿನ ಸಾಲು ಸಾಲು ತಟ್ಟೆಗಳು ಖಾಲಿಯಾಗಿರುತ್ತವೆ. ಹುರಿದುಂಬಿಸುವುದನ್ನು, ಮೆಡಲು ತೊಡಿಸುವುದನ್ನು ನಾವು ಅವರಿಂದ ಚೆನ್ನಾಗಿ ಕಲಿತಿದ್ದೇವೆ. ಸೂಪನ್ನು ಕಲಿಯಲಿಲ್ಲ.

ಕಣ್ಣಿಗೆ ಬೀಳದ ಮೂರನೆಯ ಭಾಗಕ್ಕೆ ಬರುತ್ತೇನೆ. ಎರಡನೆಯ ದಿನ ತಕ್ಕಡಿ ಹತ್ತಿದ ಸವಾರರು ಗಾಬರಿಯಾಗುತ್ತಾರೆ. ಅಷ್ಟು ತುಳಿದರೂ ತೂಕ ಒಂದೆರಡು ಕಿಲೋ ಏರಿದೆ, ಪಾದ ಊದಿದೆ, ಸಾಕ್ಸಿನ ಗುರುತು ಚರ್ಮದಲ್ಲಿ ಗುಣಿಯಾಗಿ ಉಳಿದಿದೆ. ಇದು ಕೊಬ್ಬಲ್ಲ, ನೀರು. ಗ್ಲೈಕೋಜನ್ ಮರಳಿ ತುಂಬುವಾಗ ಒಂದೊಂದು ಗ್ರಾಂಗೂ ಸುಮಾರು ಮೂರು ಗ್ರಾಂ ನೀರನ್ನು ಜೊತೆಗೆ ಎಳೆದುಕೊಳ್ಳುತ್ತದೆ. ದಿನಗಟ್ಟಲೆ ಬೆವರಿದ ದೇಹ ಉಪ್ಪನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡಿರುತ್ತದೆ, ಸವೆದ ಸ್ನಾಯುವಿನಲ್ಲಿ ಊತವಿರುತ್ತದೆ. ಮೂರು ನಾಲ್ಕು ದಿನದಲ್ಲಿ ತಾನಾಗಿ ಇಳಿಯುತ್ತದೆ. ಇದನ್ನು ಯಾರೂ ಹೇಳಿಕೊಡದ ಕಾರಣ ಎಷ್ಟೋ ಮಂದಿ ಆ ದಿನವೇ ಅನ್ನ ಬಿಟ್ಟು ಸಲಾಡಿಗೆ ಇಳಿಯುತ್ತಾರೆ, ದೇಹ ಕಟ್ಟಿಕೊಳ್ಳಲು ಹೊರಟ ಗಳಿಗೆಯಲ್ಲೇ ಇಟ್ಟಿಗೆ ಪೂರೈಕೆ ನಿಲ್ಲಿಸುತ್ತಾರೆ. ಎರಡನೆಯ ದಿನದ ಹಸಿವು ಪ್ರಾಮಾಣಿಕ ಹಸಿವು. ಅದಕ್ಕೆ ಹೆದರದೆ ಮೂರು ಊಟ, ಎರಡು ತಿಂಡಿ ಕೊಡಬೇಕು, ಪ್ರತಿಯೊಂದರಲ್ಲೂ ಕಾಳೋ ಮೊಟ್ಟೆಯೋ ಹಾಲೋ ಇರಬೇಕು. ಕರಿದದ್ದರಿಂದ ಹೊಟ್ಟೆ ತುಂಬಿಸಿಕೊಂಡರೆ ಈ ಯಾವುದಕ್ಕೂ ಜಾಗ ಉಳಿಯುವುದಿಲ್ಲ.

ನೋವಿನ ಮಾತ್ರೆಯ ಬಗ್ಗೆಯೂ ಕಟ್ಟುನಿಟ್ಟಾಗಿರಬೇಕು. ನೀರು ಬತ್ತಿದ ದೇಹಕ್ಕೆ ಐಬುಪ್ರೊಫೆನ್, ಡೈಕ್ಲೊಫಿನ್ಯಾಕ್ ಜಾತಿಯ ಮಾತ್ರೆ ನುಂಗಿಸಿದರೆ ಪೆಟ್ಟು ಮೂತ್ರಪಿಂಡಕ್ಕೆ. ಮೂತ್ರ ಕಪ್ಪು ಟೀ ಬಣ್ಣಕ್ಕೆ ತಿರುಗಿ ತೊಡೆ ವಿಪರೀತ ನೋಯುತ್ತಿದ್ದರೆ ಒಡೆದ ಸ್ನಾಯುವಿನ ಅಂಶ ರಕ್ತಕ್ಕೆ ಸೇರಿರಬಹುದು. ಆಗ ಮಜ್ಜಿಗೆ, ವಿಶ್ರಾಂತಿ ಎಂದು ಕಾಯಬಾರದು, ಅದೇ ಗಂಟೆ ವೈದ್ಯರ ಬಳಿ ಹೋಗಬೇಕು.

ಇಷ್ಟೆಲ್ಲವನ್ನೂ ಸವಾರರ ಮೇಲೆ ಹೊರಿಸುವುದು ನ್ಯಾಯವಲ್ಲ. ನಲವತ್ತು ಗಂಟೆ ಕಳೆದವರ ಬುದ್ಧಿ ಆ ಹೊತ್ತಿಗೆ ತೀರ್ಮಾನ ತೆಗೆದುಕೊಳ್ಳುವ ಸ್ಥಿತಿಯಲ್ಲೇ ಇರುವುದಿಲ್ಲ. ಆಯೋಜಕರು ಎಲ್ಲರೂ ಸ್ವಯಂಸೇವಕರು, ಪ್ರವೇಶ ಶುಲ್ಕ ಕಡಿಮೆ, ಇದೂ ಗೊತ್ತು. ಆದರೂ ಮುಗಿಯುವ ಜಾಗದಲ್ಲಿ ಒಂದು ದೊಡ್ಡ ಪಾತ್ರೆ ಉಪ್ಪು ಮಜ್ಜಿಗೆ, ಹಾಟ್‌ಬಾಕ್ಸಿನಲ್ಲಿ ಮೆತ್ತನೆಯ ಅನ್ನ, ಬೇಯಿಸಿದ ಮೊಟ್ಟೆ ಅಥವಾ ಹೆಸರುಕಾಳಿನ ಉಸಲಿ, ನಾಲ್ಕು ಚಾಪೆ ಇಡಲು ದೊಡ್ಡ ಹಣ ಬೇಡ. ಕೊನೆಯ ಸೀಲು ಹಾಕುವ ಮುಂಚೆ "ಮನೆಗೆ ಹೇಗೆ ಹೋಗ್ತೀರಿ, ಯಾರು ಕರ್ಕೊಂಡು ಹೋಗ್ತಾರೆ?" ಎಂದು ಕೇಳಲು ಅದೂ ಬೇಡ. ಸವಾರರು ತಮ್ಮ ಕಡೆಯಿಂದ ಮಾಡಬೇಕಾದ ಕೆಲಸ ಹೊರಡುವ ಮುಂಚಿನದು: ಬ್ರೆವೆಗೆ ಹೆಸರು ಕೊಡುವ ದಿನವೇ ಸೋಮವಾರದ ರಜೆಯನ್ನೂ ಬರೆದುಕೊಡುವುದು, ಶುಕ್ರವಾರ ರಾತ್ರಿ ಕಾಳು ನೆನೆಹಾಕಿ, ಶನಿವಾರ ಹೊರಡುವಾಗ ನೀರು ಬಸಿದು ಫ್ರಿಜ್ಜಿನಲ್ಲಿಡುವುದು.